ಪರೀಕ್ಷೆಯಲ್ಲಿ ಸರಿಯಾಗಿ ತೊಳೆದ ಕೈ ವಾರ್ಡಿನಲ್ಲಿ ಯಾಕೆ ತಪ್ಪುತ್ತದೆ? ನರ್ಸ್ ಏಡ್ ತರಬೇತಿ ಮತ್ತು ಸೋಂಕು ತಡೆ

ಕಲಿಸುವ ಸಿಸ್ಟರ್:

ವಯಸ್ಸಾದವರು ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿದುಕೊಳ್ಳುವ ಆರೈಕೆ ಕೇಂದ್ರಗಳಿಗೆ ನರ್ಸ್ ಏಡ್‌ಗಳನ್ನು ತಯಾರು ಮಾಡುವುದು ನನ್ನ ಕೆಲಸ. ಸ್ನಾನ ಮಾಡಿಸುವುದು, ಡೈಪರ್ ಬದಲಿಸುವುದು, ಊಟ ಮಾಡಿಸುವುದು, ಮಗ್ಗುಲು ತಿರುಗಿಸುವುದು, ಎತ್ತಿ ಕೂರಿಸುವುದು, ಎಲ್ಲವೂ ಇವರ ಕೈಯಲ್ಲೇ. ಡಾಕ್ಟರ್ ಆಗಾಗ ಬಂದು ಹೋಗುತ್ತಾರೆ. ಏಡ್ ಮಾತ್ರ ದಿನವಿಡೀ ಒಬ್ಬರ ಹಾಸಿಗೆಯಿಂದ ಇನ್ನೊಬ್ಬರ ಹಾಸಿಗೆಗೆ ಓಡಾಡುತ್ತಾರೆ. ಸೋಂಕು ದಾಟುವುದೂ ಹೆಚ್ಚಾಗಿ ಈ ಓಡಾಟದಲ್ಲೇ, ಅದನ್ನು ತಡೆಯುವುದೂ ಇಲ್ಲೇ.

ನನ್ನ ಚಿಂತೆ ಇದು. ತರಬೇತಿ ಮುಗಿದಾಗ ಪ್ರತಿಯೊಬ್ಬರೂ ಕೈ ತೊಳೆಯುವುದನ್ನು ಚೆನ್ನಾಗಿ ಮಾಡಿ ತೋರಿಸುತ್ತಾರೆ. ಬೆರಳ ತುದಿ ಕೆಳಗೆ ಇಳಿದಿರುತ್ತದೆ. ಕನಿಷ್ಠ 20 ಸೆಕೆಂಡು ಸೋಪು ಉಜ್ಜುತ್ತಾರೆ, ಉಗುರಿನ ಸಂದಿ ಬಿಡುವುದಿಲ್ಲ, ನಲ್ಲಿಯನ್ನು ಪೇಪರ್ ಟವೆಲ್‌ನಿಂದಲೇ ನಿಲ್ಲಿಸುತ್ತಾರೆ. ಪೂರ್ತಿ ಅಂಕ. ಕೆಲವೇ ವಾರ ಬಿಟ್ಟು ವಾರ್ಡಿಗೆ ಹೋಗಿ ನೋಡಿದರೆ ಅದೇ ಹುಡುಗಿ ಡೈಪರ್ ಬದಲಿಸಿದ ಗ್ಲೌಸ್‌ನಲ್ಲೇ ಹಾಸಿಗೆಯ ಕಂಬಿ ಎತ್ತುತ್ತಾಳೆ, ಪರದೆ ಸರಿಸುತ್ತಾಳೆ, ನೀರಿನ ಲೋಟ ಹತ್ತಿರ ಇಡುತ್ತಾಳೆ, ಬೆಲ್ಲಿನ ಬಟನ್ ಅಜ್ಜಿಯ ಕೈಗೆ ಕೊಡುತ್ತಾಳೆ. ಆಮೇಲೆ ಗ್ಲೌಸ್ ತೆಗೆದು ಕೈ ತೊಳೆಯುತ್ತಾಳೆ. ಅವಳ ಕೈ ಸ್ವಚ್ಛವಾಯಿತು. ಕಂಬಿ, ಪರದೆ, ಲೋಟ, ಬಟನ್?

ಅವಳಿಗೆ ಗೊತ್ತಿಲ್ಲ ಅಂತಲ್ಲ. ಕೇಳಿದರೆ ಸರಿಯಾಗೇ ಹೇಳುತ್ತಾಳೆ. ಹಾಗಾದರೆ ನಾವು ಕಲಿಸುವ ರೀತಿಯಲ್ಲೇ ಏನೋ ಬಿಟ್ಟುಹೋಗಿದೆ. ಈ ಕೆಲಸದಲ್ಲಿ ಇರುವವರು, ಇಂಥ ಕಡೆ ಮನೆಯವರನ್ನು ಬಿಟ್ಟಿರುವವರು, ಏನು ಅನಿಸುತ್ತದೆ ಹೇಳಿ.

ರಾತ್ರಿಪಾಳಿ:

ಸಿಸ್ಟರ್, ನಾನು ಏಡ್. ಹೆಚ್ಚಾಗಿ ರಾತ್ರಿ ಡ್ಯೂಟಿ. ಪರೀಕ್ಷೆಯಲ್ಲಿ ಸಿಂಕ್ ಎದುರಿಗೇ ಇರುತ್ತದೆ, ಯಾರೂ ಕೂಗುವುದಿಲ್ಲ. ವಾರ್ಡಿನಲ್ಲಿ ಒಬ್ಬ ಅಜ್ಜನ ಮೈ ಒರೆಸುತ್ತಿರುವಾಗಲೇ ಪಕ್ಕದ ಹಾಸಿಗೆಯವರು ತಾವೇ ಎದ್ದು ಬಾತ್‌ರೂಮಿಗೆ ಹೊರಡುತ್ತಾರೆ. ಬಿದ್ದರೆ ಸೊಂಟ ಮುರಿಯುತ್ತದೆ. ಆಗ ಗ್ಲೌಸ್ ನೆನಪಾಗುತ್ತಾ? ಕಾಲು ತಾನಾಗೇ ಓಡುತ್ತದೆ.

ಇನ್ನೊಂದು ವಿಷಯ. ಸ್ಯಾನಿಟೈಸರ್ ಎಲ್ಲಿ ಇಟ್ಟಿದ್ದಾರೆ ನೋಡಿ. ಬಾಗಿಲ ಹತ್ತಿರ, ಗೋಡೆಗೆ. ಒಂದು ರೂಮಿನಲ್ಲಿ ಎರಡು ಮೂರು ಹಾಸಿಗೆ ಇದ್ದರೆ ಒಬ್ಬರಿಂದ ಒಬ್ಬರಿಗೆ ಹೋಗುವಾಗ ಪ್ರತಿ ಸಲ ಬಾಗಿಲಿಗೆ ನಡೆದು ವಾಪಸ್ ಬರಬೇಕು. ಗ್ಲೌಸ್ ಡಬ್ಬಿ ಇನ್ನೊಂದು ಮೂಲೆಯಲ್ಲಿ. ಅದಕ್ಕೇ ಕೆಲವರು ಗ್ಲೌಸ್ ಜೇಬಿಗೆ ತುಂಬಿಕೊಂಡು ಓಡಾಡುತ್ತಾರೆ. ಅದು ತಪ್ಪು ಅಂತ ಗೊತ್ತಿದ್ದೇ ಮಾಡುತ್ತಾರೆ.

ಸೋಂಕು ತಡೆ ನರ್ಸ್:

ರಾತ್ರಿಪಾಳಿಯವರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಕೇಂದ್ರದಲ್ಲಿ ಸೋಂಕು ತಡೆಯುವ ಜವಾಬ್ದಾರಿ ನನ್ನದು. ನಾನು ಮೊದಲು ನೋಡುವುದು ಬಾಟಲಿ ಎಲ್ಲಿದೆ ಅಂತ. ಹಾಸಿಗೆ ಪಕ್ಕ ನಿಂತವರ ಕೈಗೆ ಎಟುಕದಿದ್ದರೆ ಎಷ್ಟು ಪಾಠ ಮಾಡಿದರೂ ಪ್ರಯೋಜನ ಇಲ್ಲ. ಗೊಂದಲ ಇರುವ ಹಿರಿಯರು ಅದನ್ನು ಕುಡಿದುಬಿಡಬಹುದು ಅನ್ನುವ ಭಯ ನಿಜ. ಅಂಥ ಕಡೆ ಹಾಸಿಗೆ ಪಕ್ಕ ಇಡದೆ ಸಿಬ್ಬಂದಿಯ ಬಳಿಯೇ ಚಿಕ್ಕ ಬಾಟಲಿ ಇರಬೇಕು.

ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿ ಕೈ ಶುಚಿಗೆ ಐದು ಸಮಯ ಹೇಳುತ್ತದೆ. ಹಿರಿಯರನ್ನು ಮುಟ್ಟುವ ಮೊದಲು. ಕ್ಯಾತಿಟರ್ (ಮೂತ್ರಕ್ಕೆ ಹಾಕಿದ ಟ್ಯೂಬ್), ಗಾಯದಂಥ ಸೂಕ್ಷ್ಮ ಜಾಗಕ್ಕೆ ಕೈ ಹಾಕುವ ಮೊದಲು. ರಕ್ತ, ಮಲ, ಮೂತ್ರದಂಥದ್ದು ತಾಗುವ ಕೆಲಸ ಆದ ಮೇಲೆ. ಮುಟ್ಟಿದ ಮೇಲೆ. ಅವರ ಸುತ್ತಲಿನ ವಸ್ತುಗಳನ್ನು ಮುಟ್ಟಿದ ಮೇಲೆ. ನಾನು ನೋಡಿದ ಕಡೆಯೆಲ್ಲ ಕೆಲಸ ಆದ ಮೇಲೆ ತೊಳೆಯುವವರು ಜಾಸ್ತಿ, ಮುಟ್ಟುವ ಮೊದಲು ತೊಳೆಯುವವರು ಕಡಿಮೆ. ಕಾರಣ ಸರಳ. ಆದ ಮೇಲೆ ತೊಳೆಯುವುದು ನಮ್ಮ ರಕ್ಷಣೆಗೆ, ಅದು ತಾನಾಗೇ ಬರುತ್ತದೆ. ಮೊದಲು ತೊಳೆಯುವುದು ಅವರ ರಕ್ಷಣೆಗೆ, ಅದನ್ನು ಅಭ್ಯಾಸ ಮಾಡಿಸಬೇಕು.

ಗ್ಲೌಸ್ ಕಥೆಯೂ ಇದೇ. ಹಾಕಿಕೊಂಡ ಕೂಡಲೇ ನಾನು ಸ್ವಚ್ಛ ಅನ್ನುವ ಭಾವನೆ ಬಂದುಬಿಡುತ್ತದೆ. ಅದೇ ಗ್ಲೌಸ್‌ನಲ್ಲಿ ಇನ್ನೊಬ್ಬರನ್ನು ಮುಟ್ಟಿದರೆ ಬರಿಗೈಯಲ್ಲಿ ಮುಟ್ಟಿದ್ದಕ್ಕೂ ಅದಕ್ಕೂ ವ್ಯತ್ಯಾಸ ಇಲ್ಲ. ಒಬ್ಬರದ್ದೇ ಕೆಲಸದಲ್ಲೂ ಕೊಳೆ ಜಾಗದಿಂದ ಶುಚಿ ಜಾಗಕ್ಕೆ ಹೋಗುವಾಗ ಬದಲಿಸಬೇಕು. ತೆಗೆದ ಮೇಲೂ ಕೈ ಶುಚಿ ಮಾಡಬೇಕು, ಯಾಕೆಂದರೆ ಕಣ್ಣಿಗೆ ಕಾಣದ ತೂತು ಇರಬಹುದು, ತೆಗೆಯುವಾಗಲೂ ಕೈಗೆ ತಾಗುತ್ತದೆ.

ಹೊಸ ಬ್ಯಾಚ್:

ನಾನು ಈಗ ತರಬೇತಿಯಲ್ಲಿದ್ದೇನೆ. ಒಂದು ಡೌಟು. ಸ್ಯಾನಿಟೈಸರ್ ಸಾಕು ಅಂತ ಒಬ್ಬರು ಹೇಳುತ್ತಾರೆ, ಸೋಪೇ ಬೇಕು ಅಂತ ಇನ್ನೊಬ್ಬರು. ಯಾವುದು ಸರಿ? ಹಾಗೇ ಗೌನ್, ಮಾಸ್ಕ್ ತೆಗೆಯುವ ಕ್ರಮ ಪ್ರತಿ ಸಲ ಮರೆಯುತ್ತೇನೆ.

ಸೋಂಕು ತಡೆ ನರ್ಸ್:

ಕೈಯಲ್ಲಿ ಕೊಳೆ ಕಾಣದಿದ್ದರೆ ಕನಿಷ್ಠ 60% ಆಲ್ಕೋಹಾಲ್ ಇರುವ ಸ್ಯಾನಿಟೈಸರ್ ಸಾಕು. ಬೇಗ ಆಗುತ್ತದೆ, ಚರ್ಮವೂ ಕಡಿಮೆ ಒಡೆಯುತ್ತದೆ. ಪೂರ್ತಿ ಒಣಗುವ ತನಕ ಉಜ್ಜಬೇಕು, ಒದ್ದೆ ಇರುವಾಗಲೇ ಗ್ಲೌಸ್ ಹಾಕಬಾರದು. ಕೊಳೆ ಕಂಡರೆ ಸೋಪು, ನೀರು. ಕೇಂದ್ರದಲ್ಲಿ ಭೇದಿ, ವಾಂತಿ ಹಬ್ಬಿದ್ದರೂ ಸೋಪು, ನೀರು. ಭೇದಿ ತರುವ ಸಿ. ಡಿಫ್ ಅನ್ನುವ ಬ್ಯಾಕ್ಟೀರಿಯಾ ಗಟ್ಟಿ ಚಿಪ್ಪಿನಂಥ ಬೀಜಾಣು ರೂಪದಲ್ಲಿ ಉಳಿಯುತ್ತದೆ. ಆಲ್ಕೋಹಾಲಿಗೆ ಅದು ಸಾಯುವುದಿಲ್ಲ. ಸೋಪಿಗೂ ಸಾಯುವುದಿಲ್ಲ, ಆದರೆ ಉಜ್ಜಿ ತೊಳೆದಾಗ ನೀರಿನ ಜೊತೆ ಹೋಗುತ್ತದೆ. ವಾಂತಿ ಭೇದಿ ತರುವ ನೊರೊವೈರಸ್ ಮೇಲೂ ಸ್ಯಾನಿಟೈಸರ್ ಅಷ್ಟಾಗಿ ನಡೆಯುವುದಿಲ್ಲ.

ಹಾಕುವಾಗ ಗೌನ್, ಮಾಸ್ಕ್, ಕನ್ನಡಕ, ಕೊನೆಗೆ ಗ್ಲೌಸ್. ತೆಗೆಯುವಾಗ ಮೊದಲು ಗ್ಲೌಸ್, ಆಮೇಲೆ ಕನ್ನಡಕ, ಗೌನ್, ಕೊನೆಗೆ ಮಾಸ್ಕ್. ಬಾಯಿಪಾಠ ಮಾಡುವ ಬದಲು ಕಾರಣ ಹಿಡಿದುಕೊಳ್ಳಿ: ತುಂಬಾ ಕೊಳೆಯಾದದ್ದು ಮೊದಲು ಹೋಗಬೇಕು, ಮೂಗು ಬಾಯಿ ಕಾಯುವುದು ಕೊನೆಯವರೆಗೂ ಇರಬೇಕು. ಗೌನ್‌ನ ಮುಂಭಾಗ ಮುಟ್ಟದೆ ಒಳಮೈ ಹೊರಗೆ ಬರುವಂತೆ ಸುತ್ತಿ ತೆಗೆಯಿರಿ. ಮಾಸ್ಕ್ ಅನ್ನು ದಾರ ಹಿಡಿದೇ ತೆಗೆಯಿರಿ. ಕೊನೆಗೆ ಕೈ. ನಡುವೆ ಕೈಗೆ ಏನಾದರೂ ತಾಗಿತು ಅನಿಸಿದರೆ ಆಗಲೇ ಶುಚಿ ಮಾಡಿಕೊಂಡು ಮುಂದುವರಿಯಿರಿ.

ಅಮ್ಮನ ಮಗಳು:

ನಾನು ಈ ಕೆಲಸದವಳಲ್ಲ. ನಮ್ಮ ಅಮ್ಮ ಇಂಥ ಒಂದು ಕಡೆ ಇದ್ದರು, ಹೆಸರು ಬೇಡ. ಅವರನ್ನು ನೋಡಿಕೊಳ್ಳುತ್ತಿದ್ದ ಏಡ್ ಹುಡುಗಿ ಒಂದು ದಿನ ಬೆಳಿಗ್ಗೆ ನರ್ಸ್‌ಗೆ ಹೇಳಿದಳಂತೆ, "ಅಜ್ಜಿ ಇವತ್ತು ಸರಿ ಇಲ್ಲ, ನನ್ನ ಹೆಸರು ಹಿಡಿದು ಕರೆಯಲಿಲ್ಲ, ಊಟ ಅರ್ಧ ಬಿಟ್ಟರು" ಅಂತ. ಜ್ವರ ಇಲ್ಲ ಅಂತ ಅದನ್ನು ಅಲ್ಲಿಗೇ ಬಿಟ್ಟರು. ಮರುದಿನವೂ ಹೇಳಿದಳು. ಕೊನೆಗೆ ಆಸ್ಪತ್ರೆಗೆ ಸೇರಿಸುವಾಗ ನ್ಯುಮೋನಿಯಾ ಎರಡೂ ಶ್ವಾಸಕೋಶಕ್ಕೆ ಹರಡಿತ್ತು. ಅಮ್ಮ ಉಳಿದರು, ಆದರೆ ಮೊದಲಿನಂತೆ ನಡೆಯಲು ಆಗಲೇ ಇಲ್ಲ.

ಆ ಹುಡುಗಿಯ ಮಾತನ್ನು ಯಾರಾದರೂ ಮೊದಲ ದಿನವೇ ಕೇಳಿದ್ದರೆ! ಅವಳಿಗೆ ಕಲಿಸಿದ್ದು ಬರೀ ಕೈ ತೊಳೆಯುವುದನ್ನಾ, ಅಥವಾ ಇದನ್ನೂ ಕಲಿಸುತ್ತೀರಾ? ಕೇಳಿಸಿಕೊಳ್ಳುವುದನ್ನು ನರ್ಸ್‌ಗಳಿಗೆ ಯಾರು ಕಲಿಸುತ್ತಾರೆ?

ಕಲಿಸುವ ಸಿಸ್ಟರ್:

ಅಮ್ಮನ ವಿಷಯ ಓದಿ ತುಂಬಾ ಬೇಜಾರಾಯಿತು. ನಿಮ್ಮ ಪ್ರಶ್ನೆ ಎರಡೂ ಸರಿ.

ವಯಸ್ಸಾದವರಲ್ಲಿ ಸೋಂಕು ಪುಸ್ತಕದಲ್ಲಿ ಇರುವ ಹಾಗೆ ಬರುವುದಿಲ್ಲ. ಜ್ವರ ಬರದೆಯೂ ಇರಬಹುದು. ಸಾಮಾನ್ಯವಾಗಿ ಅವರ ಮೈಬಿಸಿ ಕಡಿಮೆಯೇ ಇರುತ್ತದೆ. ಆದ್ದರಿಂದ ಆರೈಕೆ ಕೇಂದ್ರದಲ್ಲಿರುವವರಿಗೆ 37.8 ಡಿಗ್ರಿ ಸೆಲ್ಸಿಯಸ್ ದಾಟಿದರೆ, ಅಂದರೆ 100 ಫ್ಯಾರನ್‌ಹೀಟ್ ದಾಟಿದರೆ, ಅದನ್ನೇ ಜ್ವರ ಅಂತ ತೆಗೆದುಕೊಳ್ಳಬೇಕು. ಅವರ ಮಾಮೂಲಿ ಮೈಬಿಸಿಗಿಂತ 1.1 ಡಿಗ್ರಿ ಸೆಲ್ಸಿಯಸ್ ಏರಿದರೂ ಜ್ವರವೇ. ಅದಕ್ಕೆ ಆ ಮಾಮೂಲಿ ಎಷ್ಟು ಅಂತ ಮೊದಲೇ ಬರೆದಿಟ್ಟಿರಬೇಕು. ಎಷ್ಟೋ ಕಡೆ ಅದೇ ಇರುವುದಿಲ್ಲ.

ಜ್ವರಕ್ಕಿಂತ ಮೊದಲು ಕಾಣುವುದು ಬೇರೆ: ಊಟ ಬಿಡುವುದು, ಇದ್ದಕ್ಕಿದ್ದಂತೆ ಗೊಂದಲ, ಮಂಕು, ಕಾರಣವಿಲ್ಲದೆ ಬೀಳುವುದು, ಉಸಿರಿನ ವೇಗ ಜಾಸ್ತಿ ಆಗುವುದು. ಇದನ್ನೆಲ್ಲ ಮೊದಲು ಕಾಣುವವರು ಏಡ್‌ಗಳೇ, ಯಾಕೆಂದರೆ ಅಜ್ಜಿ ನಿನ್ನೆ ಹೇಗಿದ್ದರು ಅಂತ ಗೊತ್ತಿರುವುದು ಅವರಿಗೆ. ನಾನು ಒಂದು ಅಭ್ಯಾಸ ಮಾಡಿಸುತ್ತೇನೆ. "ಹುಷಾರಿಲ್ಲ" ಅಂತ ಹೇಳಬೇಡಿ, ನಿನ್ನೆ ಏನು, ಇವತ್ತು ಏನು ಅಂತ ಹೇಳಿ. "ನಿನ್ನೆ ತಾವೇ ಚಮಚ ಹಿಡಿದು ಊಟ ಮಾಡಿದರು, ಇವತ್ತು ನಾನು ಬಾಯಿಗೆ ಕೊಟ್ಟರೂ ನಾಲ್ಕು ತುತ್ತು. ನಿಮಿಷಕ್ಕೆ 28 ಉಸಿರು." ಹೀಗೆ ಹೇಳಿದರೆ ತಳ್ಳಿಹಾಕುವುದು ಕಷ್ಟ. ಹೇಳಿದ್ದನ್ನು ಬರೆಯಿರಿ, ಯಾರಿಗೆ ಹೇಳಿದಿರಿ ಅಂತಲೂ ಬರೆಯಿರಿ.

ಎರಡನೇ ಪ್ರಶ್ನೆಗೆ ಉತ್ತರ: ಹೆಚ್ಚಿನ ಕಡೆ ಯಾರೂ ಕಲಿಸುವುದಿಲ್ಲ. ಅದು ದೊಡ್ಡ ಕೊರತೆ.

ಸೋಂಕು ತಡೆ ನರ್ಸ್:

ಒಂದು ಎಚ್ಚರಿಕೆ ಸೇರಿಸುತ್ತೇನೆ. ಗೊಂದಲ ಅಂದ ತಕ್ಷಣ ಮೂತ್ರದ ಸೋಂಕು ಅಂತ ಆಂಟಿಬಯಾಟಿಕ್ ಶುರು ಮಾಡುವ ರೂಢಿ ಇದೆ. ಕೇಂದ್ರದಲ್ಲಿರುವ ಎಷ್ಟೋ ಹಿರಿಯರ ಮೂತ್ರದಲ್ಲಿ ಯಾವ ತೊಂದರೆಯೂ ಇಲ್ಲದೆ ಬ್ಯಾಕ್ಟೀರಿಯಾ ಇರುತ್ತದೆ. ಬರೀ ವಾಸನೆ ಬಂತು ಅಂತ ಔಷಧಿ ಬೇಡ. ಬೇಡದ ಆಂಟಿಬಯಾಟಿಕ್ ಹೊಟ್ಟೆಯೊಳಗಿನ ಒಳ್ಳೆ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಆಗಲೇ ಸಿ. ಡಿಫ್ ತಲೆ ಎತ್ತುವುದು. ಏಡ್ ಹೇಳಿದ್ದನ್ನು ಕೇಳಬೇಕು, ಹಾಗೇ ಪೂರ್ತಿ ಪರೀಕ್ಷಿಸಿ ನೋಡಲೂ ಬೇಕು.

ಹಲ್ಲಿನ ಡಾಕ್ಟರ್:

ನ್ಯುಮೋನಿಯಾ ಮಾತು ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ಸೋಂಕು ತಡೆ ಅಂದರೆ ಎಲ್ಲರೂ ಕೈ ಬಗ್ಗೆ ಮಾತಾಡುತ್ತಾರೆ, ಬಾಯಿ ಬಗ್ಗೆ ಯಾರೂ ಮಾತಾಡುವುದಿಲ್ಲ. ಹಾಸಿಗೆ ಹಿಡಿದವರ ಬಾಯಲ್ಲಿ ಬೆಳೆದ ಬ್ಯಾಕ್ಟೀರಿಯಾ ಎಂಜಲಿನ ಜೊತೆ ಶ್ವಾಸಕೋಶಕ್ಕೆ ಜಾರುತ್ತದೆ. ನುಂಗುವ ಶಕ್ತಿ ಕುಗ್ಗಿದವರಲ್ಲಿ ಇದು ಜಾಸ್ತಿ. ಜಪಾನಿನ 11 ಆರೈಕೆ ಕೇಂದ್ರಗಳಲ್ಲಿ ಎರಡು ವರ್ಷ ನಡೆದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಪ್ರತಿ ಊಟದ ನಂತರ ಸಿಬ್ಬಂದಿಯೇ ಹಲ್ಲುಜ್ಜಿಸಿದ ಗುಂಪಿನಲ್ಲಿ ಶೇ. 11 ಜನರಿಗೆ ನ್ಯುಮೋನಿಯಾ ಬಂತು. ಹಾಗೆ ಮಾಡದ ಗುಂಪಿನಲ್ಲಿ ಶೇ. 19. ಮುಖ್ಯವಾಗಿ ಬೇಕಾಗಿದ್ದು ಬ್ರಷ್ ಮತ್ತು ಪ್ರತಿ ಸಲ ಐದು ನಿಮಿಷ, ಜೊತೆಗೆ ವಾರಕ್ಕೊಮ್ಮೆ ಹಲ್ಲಿನ ಡಾಕ್ಟರ್ ಅಥವಾ ಅವರ ಸಹಾಯಕರು ಹಲ್ಲು ಶುಚಿ ಮಾಡುತ್ತಿದ್ದರು.

ಹಲ್ಲೇ ಇಲ್ಲದವರಿಗೂ ವಸಡು, ನಾಲಿಗೆ ಒರೆಸಬೇಕು. ಹಲ್ಲಿನ ಸೆಟ್ ರಾತ್ರಿ ತೆಗೆದು ಉಜ್ಜಿ ನೀರಿನಲ್ಲಿಡಬೇಕು. ತಲೆ ಎತ್ತರಿಸಿ ಕೂರಿಸಿಯೇ ಬಾಯಿ ತೊಳೆಸಬೇಕು, ಮಲಗಿಸಿ ಅಲ್ಲ. ಅವಸರದಲ್ಲಿ ಮೊದಲು ಬಿಟ್ಟುಹೋಗುವ ಕೆಲಸ ಇದು, ಅಲ್ವಾ?

ರಾತ್ರಿಪಾಳಿ:

ನಿಜ ಡಾಕ್ಟ್ರೇ. ಬಿಟ್ಟರೂ ಯಾರಿಗೂ ಕಾಣುವುದಿಲ್ಲ. ಡೈಪರ್ ಬದಲಿಸದಿದ್ದರೆ ವಾಸನೆ ಬರುತ್ತದೆ, ಹಲ್ಲುಜ್ಜದಿದ್ದರೆ ಯಾರೂ ಕೇಳುವುದಿಲ್ಲ.

ಕ್ಲೀನಿಂಗ್ ಸೂಪರ್‌ವೈಸರ್:

ನಮ್ಮ ಕೆಲಸವನ್ನೂ ಈ ಮಾತಿನಲ್ಲಿ ಸೇರಿಸಿಕೊಳ್ಳಿ. ಏಡ್ ಎಷ್ಟೇ ಚೆನ್ನಾಗಿ ಕೈ ತೊಳೆದರೂ ಹಾಸಿಗೆಯ ಕಂಬಿ ಕೊಳಕಾಗಿದ್ದರೆ ಮುಂದಿನ ನಿಮಿಷಕ್ಕೇ ಕೈ ಹಾಳು.

ಕೀಟಾಣುನಾಶಕ ಹಾಕಿದ ಕೂಡಲೇ ಬಟ್ಟೆಯಲ್ಲಿ ಒರೆಸಿಬಿಡುವುದನ್ನು ತುಂಬಾ ನೋಡುತ್ತೇನೆ. ಬಾಟಲಿ ಮೇಲೆ ಎಷ್ಟು ನಿಮಿಷ ಒದ್ದೆ ಇರಬೇಕು ಅಂತ ಬರೆದಿರುತ್ತದೆ, ಅಷ್ಟು ಹೊತ್ತು ಒದ್ದೆ ಇರಲೇಬೇಕು. ಕೊಳೆ ಇರುವ ಕಡೆ ಮೊದಲು ಸೋಪಿನ ನೀರು, ಆಮೇಲೆ ಕೀಟಾಣುನಾಶಕ. ವಾಂತಿ ಬಿದ್ದರೆ ಮೊದಲು ಬಿಸಾಡುವ ಬಟ್ಟೆಯಲ್ಲಿ ಎತ್ತಿ, ತೊಳೆದು, ನಂತರ ಹೊಸದಾಗಿ ಬೆರೆಸಿದ ಬ್ಲೀಚ್ ನೀರು. ಮಾಸ್ಕ್ ಹಾಕಿಕೊಳ್ಳಿ, ವಾಂತಿಯ ಹನಿ ಗಾಳಿಯಲ್ಲೂ ಹರಡುತ್ತದೆ. ಬ್ಲೀಚ್ ಜೊತೆ ಬೇರೆ ಯಾವ ಕ್ಲೀನರ್ ಕೂಡ ಬೆರೆಸಬೇಡಿ, ಆಸಿಡ್ ಆಗಲಿ ಅಮೋನಿಯಾ ಆಗಲಿ ಸೇರಿದರೆ ವಿಷಗಾಳಿ ಬರುತ್ತದೆ.

ಕೊಳೆ ಬೆಡ್‌ಶೀಟ್ ಕೊಡವಬೇಡಿ, ಎದೆಗೆ ಅಪ್ಪಿಕೊಂಡು ತರಬೇಡಿ, ನೆಲಕ್ಕೆ ಎಸೆಯಬೇಡಿ. ಹಾಸಿಗೆ ಪಕ್ಕದಲ್ಲೇ ಚೀಲಕ್ಕೆ ಹಾಕಿ. ಏಡ್‌ಗಳಿಗೆ ಒಂದು ಪಾಠ, ನಮ್ಮ ಹುಡುಗರಿಗೆ ಇನ್ನೊಂದು ಪಾಠ ಅಂತ ಬೇರೆ ಮಾಡುವ ಬದಲು ಒಟ್ಟಿಗೆ ಕೂರಿಸಿ ಕಲಿಸಿ ಅನ್ನುವುದು ನನ್ನ ಬೇಡಿಕೆ. ಬಿಪಿ ಯಂತ್ರ, ಎತ್ತುವ ಬೆಲ್ಟ್, ವೀಲ್‌ಚೇರ್ ಒರೆಸುವುದು ಯಾರ ಕೆಲಸ ಅಂತಲೇ ತೀರ್ಮಾನ ಆಗಿರುವುದಿಲ್ಲ. ಅವರು ಇವರ ಕೆಲಸ ಅಂತಾರೆ, ಇವರು ಅವರ ಕೆಲಸ ಅಂತಾರೆ, ಕೊನೆಗೆ ಒರೆಸುವವರೇ ಇಲ್ಲ.

ಆಡಳಿತ ವಿಭಾಗ:

ಕೇಂದ್ರ ನಡೆಸುವವರ ಕಡೆಯಿಂದ ಒಂದು ಮಾತು. ತರಬೇತಿ ಗಂಟೆ ಹೆಚ್ಚಿಸಿ ಅಂತ ಎಲ್ಲರೂ ಹೇಳುತ್ತಾರೆ. ಅಮೆರಿಕದಲ್ಲಿ 1987ರ ಕಾನೂನು ನರ್ಸ್ ಏಡ್‌ಗಳಿಗೆ ಕನಿಷ್ಠ 75 ಗಂಟೆ ತರಬೇತಿ ಕಡ್ಡಾಯ ಮಾಡಿತು. ಅದರಲ್ಲಿ 16 ಗಂಟೆಯಾದರೂ ಮೇಲ್ವಿಚಾರಣೆಯಲ್ಲಿ ಕೈಯಾರೆ ಮಾಡಿ ಕಲಿಯಬೇಕು. ಸೋಂಕು ತಡೆ ಪಾಠ ಆಗದೆ ಯಾರನ್ನೂ ಮುಟ್ಟುವಂತಿಲ್ಲ. ಆಮೇಲೂ ವರ್ಷಕ್ಕೆ 12 ಗಂಟೆ ಮರುತರಬೇತಿ. ಇಷ್ಟೆಲ್ಲ ಇದ್ದೂ ಅಲ್ಲಿ ಕೋವಿಡ್ ಮೊದಲು ಅಪ್ಪಳಿಸಿದ್ದು ಆರೈಕೆ ಕೇಂದ್ರಗಳನ್ನೇ. ಹಾಗಾದರೆ ಗಂಟೆಗಳಿಂದ ಏನು ಉಪಯೋಗ?

ಕಲಿಸುವ ಸಿಸ್ಟರ್:

ಸರ್, ಆ ಉದಾಹರಣೆಯನ್ನು ಪೂರ್ತಿ ನೋಡೋಣ. 2020ರ ಫೆಬ್ರವರಿ ಕೊನೆಯಲ್ಲಿ ವಾಷಿಂಗ್ಟನ್ ರಾಜ್ಯದ ಕರ್ಕ್‌ಲ್ಯಾಂಡ್‌ನ ಕೇಂದ್ರದಲ್ಲಿ ಕೋವಿಡ್ ಹಬ್ಬಿತು. ಮುಂದಿನ ತಿಂಗಳು ತನಿಖೆಯ ವರದಿ ಬಂತು. ಸಿಬ್ಬಂದಿ ರೋಗಲಕ್ಷಣ ಇದ್ದರೂ ಕೆಲಸಕ್ಕೆ ಬಂದಿದ್ದರು, ಒಬ್ಬರೇ ಒಂದಕ್ಕಿಂತ ಹೆಚ್ಚು ಕೇಂದ್ರಗಳಲ್ಲಿ ದುಡಿಯುತ್ತಿದ್ದರು, ರಕ್ಷಣಾ ಸಾಮಗ್ರಿ ಬಳಸುವ ಅಭ್ಯಾಸ ಸಾಲದಾಗಿತ್ತು, ಸಾಮಗ್ರಿಯೂ ಸಾಲದಾಗಿತ್ತು, ರೋಗ ಗುರುತಿಸುವುದು ತಡವಾಯಿತು. ಸುತ್ತಲಿನ ಬೇರೆ ಕೇಂದ್ರಗಳಿಗೂ ಹರಡಲು ಇವೇ ಕಾರಣವಾಗಿರಬೇಕು ಅಂತ ತನಿಖೆ ಮಾಡಿದವರು ಹೇಳಿದರು. ಇದರಲ್ಲಿ ತರಬೇತಿಯದ್ದು ಒಂದು ಭಾಗ. ಉಳಿದದ್ದು ರಜೆ, ಸಂಬಳ, ಜನ, ಸಾಮಗ್ರಿ. ಗಂಟೆ ವ್ಯರ್ಥ ಅಂತ ಇದರಿಂದ ಹೇಳಲು ಬರುವುದಿಲ್ಲ. ಗಂಟೆ ಒಂದೇ ಸಾಕಾಗುವುದಿಲ್ಲ ಅಂತ ಹೇಳಬಹುದು.

ರಾತ್ರಿಪಾಳಿ:

ರಜೆ ಮಾತು ಬಂತು, ಅದನ್ನು ಬಿಚ್ಚಿ ಹೇಳುತ್ತೇನೆ. ಸರ್, ನೀವು ಆಡಳಿತದವರು, ದಯವಿಟ್ಟು ಓದಿ. ವಾಂತಿ ಭೇದಿ ಆದವರು ಪೂರ್ತಿ ನಿಂತ ಮೇಲೂ 48 ಗಂಟೆ ಕೆಲಸಕ್ಕೆ ಬರಬಾರದು ಅಂತ ನಮಗೆ ಕಲಿಸುತ್ತಾರೆ. ರಜೆ ಹಾಕಿದರೆ ಸಂಬಳ ಕಟ್. ಮೇಲೆ ಫೋನು, "ಇವತ್ತು ಒಬ್ಬರೇ ಇದ್ದಾರೆ, ಹೇಗಾದರೂ ಬಾ". ಬಾಡಿಗೆ ಕಟ್ಟಬೇಕು, ಮಕ್ಕಳ ಫೀಸು ಇದೆ, ಹೋಗುತ್ತಾರೆ. ಆಮೇಲೆ ಇಡೀ ವಾರ್ಡಿಗೆ ಭೇದಿ. ಆಗ "ಸಿಬ್ಬಂದಿಗೆ ಕೈ ತೊಳೆಯಲು ಬರುವುದಿಲ್ಲ" ಅಂತ ಇನ್ನೊಂದು ತರಬೇತಿ ಇಡುತ್ತಾರೆ. ನೀವೇ ಹೇಳಿ, ಇಲ್ಲಿ ಯಾರಿಗೆ ಪಾಠ ಬೇಕು?

ಆಡಳಿತ ವಿಭಾಗ:

ನೀವು ಹೇಳಿದ್ದು ಸರಿ. ಕಾಯಿಲೆ ರಜೆಯ ಸಂಬಳ ಮತ್ತು ಹಬ್ಬಿದ ಮೇಲಿನ ಖರ್ಚು ಎರಡನ್ನೂ ಪಕ್ಕ ಪಕ್ಕ ಇಟ್ಟು ನಾನು ಯಾವತ್ತೂ ಲೆಕ್ಕ ಹಾಕಿಲ್ಲ. ಒಂದು ವಾರ್ಡು ಮುಚ್ಚಿದರೆ ಹೊಸ ದಾಖಲಾತಿ ನಿಲ್ಲುತ್ತದೆ, ಹೊರಗಿನಿಂದ ಜನ ಕರೆಸಬೇಕು. ಮುಂದಿನ ಮೀಟಿಂಗಿನಲ್ಲಿ ಇದನ್ನು ಇಡುತ್ತೇನೆ. ಬಾಟಲಿ ಎಲ್ಲಿ ಇಡಬೇಕು ಅನ್ನುವುದಕ್ಕೆ ಮೀಟಿಂಗ್ ಬೇಡ, ಅದು ಈ ವಾರವೇ ಆಗುತ್ತದೆ.

ಹೊಸ ಬ್ಯಾಚ್:

ಇನ್ನೊಂದು ಕೇಳಲಾ? ಕಜ್ಜಿ ಇರುವವರ ವಾರ್ಡಿಗೆ ನಮ್ಮನ್ನು ಹಾಕಿದ್ದಾರೆ. ತುರಿಕೆ ಶುರುವಾದರೆ ತಾನೇ ಹೇಳಬೇಕು?

ಸೋಂಕು ತಡೆ ನರ್ಸ್:

ಇಲ್ಲಮ್ಮ, ಅಷ್ಟು ಕಾಯಬೇಡಿ. ಮೊದಲ ಸಲ ಕಜ್ಜಿ ಹತ್ತಿದವರಿಗೆ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಬೇಕಾಗಬಹುದು. ಅಷ್ಟರಲ್ಲಿ ನಿಮ್ಮಿಂದ ಬೇರೆಯವರಿಗೆ ದಾಟಿರುತ್ತದೆ. ಆದ್ದರಿಂದ ಮೈ ಮುಟ್ಟಿ ಆರೈಕೆ ಮಾಡಿದ ಎಲ್ಲರಿಗೂ, ತುರಿಕೆ ಇರಲಿ ಬಿಡಲಿ, ಒಟ್ಟಿಗೆ ಚಿಕಿತ್ಸೆ ಬೇಕಾ ಅಂತ ಇನ್‌ಚಾರ್ಜ್ ಅವರನ್ನು ಇವತ್ತೇ ಕೇಳಿ. ಹಿರಿಯರ ಚರ್ಮ ದಪ್ಪಗಾಗಿ ಪದರ ಕಟ್ಟಿದ್ದರೆ ಅದು ತುಂಬಾ ಹರಡುವ ಬಗೆ. ಉದ್ದ ತೋಳಿನ ಗೌನ್, ಗ್ಲೌಸ್ ಇಲ್ಲದೆ ಮುಟ್ಟಬೇಡಿ.

ಹಾಗೇ ಗಾಯ, ಕ್ಯಾತಿಟರ್, ಹೊಟ್ಟೆಗೆ ಟ್ಯೂಬ್ ಇರುವವರ ಬಗ್ಗೆಯೂ ತಿಳಿದಿರಿ. ಅವರಿಗೆ ಸೋಂಕು ಇದೆ ಅಂತ ಗೊತ್ತಿಲ್ಲದಿದ್ದರೂ ಸ್ನಾನ, ಬಟ್ಟೆ ಬದಲು, ಎತ್ತುವುದು, ಡೈಪರ್ ಮುಂತಾದ ಮೈ ತಾಗುವ ಕೆಲಸಕ್ಕೆ ಗೌನ್ ಮತ್ತು ಗ್ಲೌಸ್ ಹಾಕುವ ಪದ್ಧತಿ ಅಮೆರಿಕದ ಕೇಂದ್ರಗಳಲ್ಲಿ 2024ರ ಏಪ್ರಿಲ್‌ನಿಂದ ನಿಯಮವಾಗಿದೆ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಸುಮ್ನೆ ಮೈಮೇಲೆ ಇರಬಹುದು, ಹೊರಗೆ ಕಾಣುವುದಿಲ್ಲ. ಇದರಲ್ಲಿ ನನಗೆ ಇಷ್ಟವಾದದ್ದು, ಆ ಹಿರಿಯರನ್ನು ರೂಮಿನಲ್ಲಿ ಕೂಡಿಹಾಕುವುದಿಲ್ಲ. ಅವರು ಎಲ್ಲರ ಜೊತೆ ಕೂತು ಊಟ ಮಾಡಬಹುದು, ಟಿವಿ ನೋಡಬಹುದು. ಕೇಂದ್ರ ಅವರ ಮನೆ ಕೂಡ ಹೌದಲ್ವಾ.

ಕಲಿಸುವ ಸಿಸ್ಟರ್:

ಮುಂದಿನ ಬ್ಯಾಚಿಗೆ ನಾನು ಮಾಡಬೇಕು ಅಂದುಕೊಂಡಿದ್ದು ಹೇಳುತ್ತೇನೆ, ತಿದ್ದಿ. ಸಿಂಕ್ ಎದುರಿನ ಪರೀಕ್ಷೆ ಇರಲಿ. ಅದರ ಮೇಲೆ ಎರಡು ಹಾಸಿಗೆಯ ಪೂರ್ತಿ ಕೆಲಸ ಕೊಡುತ್ತೇನೆ. ಕತ್ತಲಲ್ಲಿ ಯುವಿ (ನೇರಳಾತೀತ) ದೀಪ ಬಿಟ್ಟಾಗ ಹೊಳೆಯುವ ಜೆಲ್ ಒಂದನ್ನು ಡೈಪರಿಗೆ ಮೊದಲೇ ಹಚ್ಚಿರುತ್ತೇನೆ. ಕೆಲಸ ಮುಗಿದ ಮೇಲೆ ದೀಪ ಹಾಕಿದರೆ ಅದು ಎಲ್ಲೆಲ್ಲಿ ಹೋಗಿದೆ ಅಂತ ಅವರೇ ನೋಡುತ್ತಾರೆ. ಜೊತೆಗೆ ಕ್ಲೀನಿಂಗ್ ಹುಡುಗರೂ ಇರುತ್ತಾರೆ. ರಾತ್ರಿಪಾಳಿಯವರೇ, ನಿಮ್ಮ ಅನುಭವದಲ್ಲಿ ಇನ್ನೇನು ಸೇರಿಸಬೇಕು?

ರಾತ್ರಿಪಾಳಿ:

ಬೆಲ್ ಸೇರಿಸಿ ಸಿಸ್ಟರ್. ಮಧ್ಯದಲ್ಲಿ ನಿಲ್ಲದೆ ಬಾರಿಸುತ್ತಿರಲಿ, ಯಾರಾದರೂ ಬಾತ್‌ರೂಮಿನಿಂದ ಕೂಗುತ್ತಿರಲಿ. "ಬಂದೆ ಅಜ್ಜಿ, ಕೈ ತೊಳೆದುಕೊಂಡು ಬಂದೆ" ಅಂತ ಗಟ್ಟಿಯಾಗಿ ಹೇಳುವುದನ್ನೂ ಕಲಿಸಿ. ದನಿ ಕೇಳಿದರೆ ಎಷ್ಟೋ ಜನ ಅಷ್ಟು ಹೊತ್ತು ಕಾಯುತ್ತಾರೆ. ಆದರೆ ನಿಜವಾಗಿ ಯಾರೋ ಬೀಳುತ್ತಿದ್ದರೆ ಏನು ಮಾಡಬೇಕು ಅಂತಲೂ ಬಾಯಿಬಿಟ್ಟು ಹೇಳಿ. ಹೊಸಬರು ಬೈಗುಳಕ್ಕೆ ಹೆದರಿ ಅಲ್ಲೇ ನಿಂತುಬಿಡುತ್ತಾರೆ.

ಸೋಂಕು ತಡೆ ನರ್ಸ್:

ಬೀಳುವವರನ್ನು ಮೊದಲು ಹಿಡಿಯಲಿ, ಕೈಯಲ್ಲಿ ಯಾವ ಗ್ಲೌಸ್ ಇದ್ದರೂ ಸರಿ. ಅವರನ್ನು ಭದ್ರವಾಗಿ ಕೂರಿಸಿದ ಮೇಲೆ ಗ್ಲೌಸ್ ತೆಗೆದು, ಕೈ ಶುಚಿ ಮಾಡಿ, ಅವರ ಮೈಯಲ್ಲಿ ಮುಟ್ಟಿದ ಜಾಗ ತೊಳೆದು, ಹಿಡಿದ ಕಂಬಿ ಒರೆಸಿ, ನರ್ಸ್‌ಗೆ ತಿಳಿಸಲಿ. ಪರೀಕ್ಷೆಯಲ್ಲಿ ಇದಕ್ಕೆ ಪೂರ್ತಿ ಅಂಕ ಕೊಡಿ.